ಪರಮಾಣುವಿನ ಶ್ರುತಿಗೆ ಕೂತ ಬೆಳಕು

ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರ್. ಅಷ್ಟುದ್ದದ ರಸ್ತೆಯಲ್ಲಿ ಒಂದು ಅಕ್ಕಿಕಾಳಿನ ದಪ್ಪಕ್ಕಿಂತ ಕಡಿಮೆ ಜಾಗಕ್ಕೆ ಗುರುತು ಹಾಕಿ, ಅಲ್ಲಿಂದ ಅತ್ತಿತ್ತ ಅಲುಗದೆ ನಿಲ್ಲು ಅಂದರೆ ಯಾರಿಂದಾದೀತು? ಬೆಳಕಿನಿಂದ ಆಗುತ್ತದೆ!

ಲೆಕ್ಕ ನೋಡಿ. ರುಬಿಡಿಯಂ ಪರಮಾಣು ಹೀರುವ, ಕಣ್ಣಿಗೆ ಕಂಡೂ ಕಾಣದ ಕಡುಗೆಂಪು ಬೆಳಕು ಸೆಕೆಂಡಿಗೆ ಸುಮಾರು 384 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಪರಮಾಣು ಹೀರುವ ಕಂಪನಗಳ ಪಟ್ಟಿಯ, ಅಂದರೆ ಗೆರೆಯ, ಅಗಲ ಬರೀ 60 ಲಕ್ಷ ಕಂಪನ. ಆರು ಕೋಟಿಗೆ ಒಂದು ಪಾಲು! ಈ ಬೆಳಕು ಕೊಡುವ ಬರಿಯ ಲೇಸರ್ ಡಯೋಡ್ ಒಂದು ಡಿಗ್ರಿ ಬಿಸಿಯಾದರೆ ಸಾಕು, ಆ ಗೆರೆಯ ಸಾವಿರಾರು ಪಟ್ಟು ದೂರ ಜಾರಿಬಿಡುತ್ತದೆ.

ಕುರುಗೋಡು ಸೀಮೆಯ ಬಯಲಾಟದಲ್ಲಿ ಮದ್ದಲೆಯವರು ಶ್ರುತಿ ಕೂಡಿಸಲು ತಟ್ಟುವುದು, ಕಿವಿಗೊಡುವುದು, ಮತ್ತೆ ತಟ್ಟುವುದು ನೋಡುತ್ತಾ ಬೆಳೆದವನು ನಾನು. ಬೆಂಗಳೂರಿನ ಪ್ರಯೋಗಶಾಲೆಯೊಂದರ ಮೇಜಿನ ಮೇಲೆ ಅದೇ ಕೆಲಸ ನಡೆದಿತ್ತು. ಕಿವಿ ಇದ್ದ ಜಾಗದಲ್ಲಿ ತಂತಿ!

ಗಾಜಿನ ಪುಟ್ಟ ಕೊಳವೆಯಲ್ಲಿ ರುಬಿಡಿಯಂ ಆವಿ. ಲೇಸರಿನ ಒಂದು ಎಳೆ ಇತ್ತಲಿಂದ, ಇನ್ನೊಂದು ಎದುರಿನಿಂದ. ಓಡಾಡುವ ಪರಮಾಣುಗಳ ಗದ್ದಲ ಕಳೆದು ಸಣ್ಣ ಗೆರೆ ಎದ್ದು ಕಾಣುತ್ತದೆ. ಫೋಟೋಡಯೋಡ್ ಅದನ್ನು ವೋಲ್ಟೇಜ್ ಮಾಡಿ ಕೇಬಲ್ಲಿಗೆ ಕೊಡುತ್ತದೆ. ಆದರೆ ಗೆರೆಯ ನೆತ್ತಿಯಿಂದ ಎಡಕ್ಕೆ ಜಾರಿದರೂ ವೋಲ್ಟೇಜ್ ಇಳಿಯುತ್ತದೆ, ಬಲಕ್ಕೆ ಜಾರಿದರೂ ಇಳಿಯುತ್ತದೆ. ಜಾರಿದ್ದು ಯಾವ ಕಡೆ? ಅದಕ್ಕೆ ಹೂಡಿದ ಉಪಾಯ ಕೇಳಿ ನಾನು ಕೂತಲ್ಲಿಂದ ಎದ್ದುನಿಂತೆ: ಬೆಳಕನ್ನೇ ಬೇಕಂತಲೇ ಚೂರು ನಡುಗಿಸುತ್ತಾರೆ! ನಡುಕದ ತಾಳವನ್ನು ಪರಮಾಣುವಿನ ಉತ್ತರದ ಜೊತೆ ಹೋಲಿಸಿದರೆ ಒಂದು ಬದಿಗೆ ಪ್ಲಸ್, ಇನ್ನೊಂದು ಬದಿಗೆ ಮೈನಸ್, ನಟ್ಟನಡುವೆ ಸೊನ್ನೆ. ಇದಕ್ಕೆ ಎರರ್ ಸಿಗ್ನಲ್ ಅನ್ನುತ್ತಾರೆ.

ಅದನ್ನು ಎರಡು ದಾರಿಗೆ ಹಂಚುತ್ತಾರೆ. ನಿಧಾನದ ಅಲೆದಾಟ ತಿದ್ದಲು ಪೀಜೋ ಹರಳು, ಚುರುಕಿನದಕ್ಕೆ ಲೇಸರಿನ ಕರೆಂಟು. ತುಂಗಭದ್ರೆಯ ಕಾಲುವೆಗೆ ದೊಡ್ಡ ಗೇಟು, ಸಿರುಗುಪ್ಪದ ಗದ್ದೆಗೆ ಮಡೆ ಇದ್ದ ಹಾಗೆ. ಜೋಡಣೆಯಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಲೇಸರ್ ಗುರಿಯತ್ತ ಬರುವ ಬದಲು ದೂರ ಓಡುತ್ತದೆ. ಅರ್ಥಿಂಗ್ ಎರಡು ಕಡೆ ಸುತ್ತಿಕೊಂಡರೆ ಮನೆಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುತ್ತಾ ನುಗ್ಗುತ್ತದೆ. ಅಷ್ಟು ದೊಡ್ಡ ವಿಜ್ಞಾನ ಒಂದು ಕನೆಕ್ಟರಿನ ಮೇಲೆ ನಿಂತಿದೆ!

1946ರಲ್ಲಿ ರಾಬರ್ಟ್ ಪೌಂಡ್ ಮೈಕ್ರೋವೇವ್‌ಗೆ ಹೂಡಿದ ಇಂಥದೇ ತಂತ್ರವನ್ನು ಡ್ರೆವರ್, ಹಾಲ್ ಮತ್ತು ಸಂಗಡಿಗರು 1983ರಲ್ಲಿ ಲೇಸರಿಗೆ ಒಗ್ಗಿಸಿದರು. ಗುರುತ್ವ ಅಲೆ ಹಿಡಿಯುವ ಲೈಗೋದಲ್ಲೂ ಅದೇ ತಂತ್ರ. ನಮ್ಮ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಪರಮಾಣುಗಳನ್ನು ತಣಿಸುವುದೂ ಹೀಗೆ ಕಟ್ಟಿಹಾಕಿದ ಲೇಸರಿನಿಂದಲೇ.

ಆ ಮೇಜಿನ ಬಳಿ ಹುಡುಗಿಯೊಬ್ಬಳು ಕೊನೆಯ ಕೇಬಲ್ ಒತ್ತಿ ಕಾಲು ಸುತ್ತು ತಿರುಗಿಸಿದಳು. ಕಟಕ್. ಆಸಿಲೋಸ್ಕೋಪಿನ ಹಸಿರು ಗೆರೆ ಮೇಲೆ ಕೆಳಗೆ ಹೊಯ್ದಾಡುತ್ತಿತ್ತು. ಸ್ವಿಚ್ ಒತ್ತಿದೊಡನೆ ಸೊನ್ನೆಗೆ ಬಂದು ಮಲಗಿತು. "ತಟ್ಟಿ ನೋಡಿ" ಅಂದಳು. ಮದ್ದಲೆಗೆ ತಟ್ಟುವ ಹಾಗೆ ಎರಡು ಬೆರಳಲ್ಲಿ ಮೇಜು ತಟ್ಟಿದೆ. ಗೆರೆ ಬೆಚ್ಚಿಬಿದ್ದು, ತನ್ನಷ್ಟಕ್ಕೆ ತಾನೇ ಸೊನ್ನೆಗೆ ಮರಳಿತು.