ಶಾಲೆ ತೆರೆಯುವ ದಿನ ತೊಟ್ಟಿಲು ತೂಗುವವರು ಯಾರು?



ಬೇಸಿಗೆಯ ರಜೆ ಮುಗಿಯುತ್ತ ಬಂದಿದೆ. ಏಪ್ರಿಲ್ ತಿಂಗಳಿನಲ್ಲಿ ಮುಚ್ಚಿದ ಪ್ರಾಥಮಿಕ ಶಾಲೆಗಳು ಮೇ ತಿಂಗಳ ಕೊನೆಯ ವಾರದಲ್ಲಿ ಮತ್ತೆ ತೆರೆಯುತ್ತವೆ. ಕೃಷ್ಣೆಯ ದಂಡೆಯ ದೇವಸುಗೂರಿನಲ್ಲಿಯೂ, ದೇವದುರ್ಗ ಮತ್ತು ಮಾನ್ವಿಯ ಸಣ್ಣ ಹಳ್ಳಿ ಹಾಗೂ ತಾಂಡಾಗಳಲ್ಲಿಯೂ ಶಾಲೆಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಮಕ್ಕಳ ಕೈಗೆ ಹೂ ಕೊಟ್ಟು, ಸಿಹಿ ಬಡಿಸಿ ಪ್ರಾರಂಭೋತ್ಸವ ನಡೆಸುವುದು ವಾಡಿಕೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಮತ್ತು ಸಮವಸ್ತ್ರಗಳು ಉಚಿತ. ಶಿಕ್ಷಕರು ಓಣಿ ಓಣಿಗೆ ಬಂದು ಮಕ್ಕಳನ್ನು ಕರೆಯುತ್ತಾರೆ. ಇದೆಲ್ಲ ಶಿಕ್ಷಣ ಇಲಾಖೆಯ ಕಾರ್ಯ; ಆರೋಗ್ಯ ಇಲಾಖೆಯ ಪುಸ್ತಿಕೆಯಲ್ಲಿ ಶಾಲೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಆ ದಿನ ಶಾಲೆಗೆ ಬಾರದೆ ಉಳಿದ ಮಗು ಯಾವುದು, ಏಕೆ ಉಳಿಯಿತು ಎಂದು ವಿಚಾರಿಸಿ ನೋಡಿದರೆ, ಅನೇಕ ಮನೆಗಳಲ್ಲಿ ಉತ್ತರವು ತೊಟ್ಟಿಲಿನ ಬಳಿಯಲ್ಲಿಯೇ ದೊರೆಯುತ್ತದೆ.

ರೋಹಿಣಿ ಮಳೆ ಬಿದ್ದು ಮಿರಗ ಕೂಡುವ ಹೊತ್ತಿಗೆ ಹೊಲ ಹದಕ್ಕೆ ಬರುತ್ತದೆ. ಹತ್ತಿ, ತೊಗರಿ ಬಿತ್ತನೆಯ ಅವಸರ. ಕಾಲುವೆಯ ನೀರು ಬರುವ ಕಡೆ ಮುಂದೆ ಭತ್ತದ ನಾಟಿ. ತಾಯಿ ಕೂಲಿಗೆ ಹೋಗದೆ ವಿಧಿಯಿಲ್ಲ. ಮನೆಯಲ್ಲಿ ಐದು ತಿಂಗಳ ಕೂಸು ಇದೆ. ಆಗ ಎಂಟು ವರ್ಷದ ಹಿರಿಯ ಮಗಳಿಗೆ, "ನಾಕು ದಿನ ಮನಿಯಾಗ ಇರವ್ವಾ, ತಮ್ಮನ್ನ ನೋಡ್ಕೋ" ಎಂದು ಹೇಳಿ ತಾಯಿ ಹೊರಡುತ್ತಾಳೆ. ಆ ನಾಲ್ಕು ದಿನ ಮುಗಿಯುವುದೇ ಇಲ್ಲ. ಬಿತ್ತನೆಯ ನಂತರ ಕಳೆ, ಕಳೆಯ ನಂತರ ಹತ್ತಿ ಬಿಡಿಸುವ ಕಾಲ, ಅದರ ಹಿಂದೆಯೇ ಮೆಣಸಿನಕಾಯಿ. ಬನ್ನಿ ಹಬ್ಬ ಬರುವಷ್ಟರಲ್ಲಿ ಆ ಹುಡುಗಿ ಕಳೆದ ವರ್ಷ ಕಲಿತ ಅಕ್ಷರಗಳನ್ನೂ ಮರೆತಿರುತ್ತಾಳೆ. ಮರುವರ್ಷ ತನಗಿಂತ ಚಿಕ್ಕವರ ನಡುವೆ ಕುಳಿತುಕೊಳ್ಳಲು ನಾಚಿಕೆ. ಹೀಗೆ ಶಾಲೆ ಬಿಟ್ಟವಳಿಗೆ ಹದಿನಾಲ್ಕು, ಹದಿನೈದಕ್ಕೆ ಮದುವೆಯ ಮಾತು ಬರುತ್ತದೆ. ಹೆಣ್ಣಿಗೆ 18 ವರ್ಷ ತುಂಬುವ ಮೊದಲು ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೆಂದು ತಿಳಿದೂ ಬರುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಪೈಕಿ ಓದುಬರಹ ಬಲ್ಲವರು ಅರ್ಧಕ್ಕಿಂತ ಕಡಿಮೆ ಇದ್ದರು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಉತ್ಪಾದನೆಯಾಗುತ್ತಿರುವ ವಿದ್ಯುತ್ತಿನ ಬೆಳಕಿನಲ್ಲಿ ನಾಡಿನ ಎಷ್ಟೋ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಅದರ ನೆರಳಿನಲ್ಲಿರುವ ಊರುಗಳ ಹುಡುಗಿಯರು ಹಿಂದುಳಿದಿರುವುದು ಸಮಾಧಾನದ ಸಂಗತಿಯಲ್ಲ.

ಕೂಸಿನ ಕಡೆಯಿಂದಲೂ ವಿಚಾರ ಮಾಡಿರಿ. ಆಸ್ಪತ್ರೆಗೆ ವಾಂತಿಭೇದಿಯಾದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬರುವವಳು ಅನೇಕ ಸಲ ಅದರ ಅಕ್ಕನೇ ಆಗಿರುತ್ತಾಳೆ. ಏನು ಕುಡಿಸಿದೆ ಎಂದು ಕೇಳಿದರೆ, ನೀರಿನಲ್ಲಿ ಬಿಸ್ಕತ್ತು ಅದ್ದಿ ಕೊಟ್ಟೆ ಎನ್ನುತ್ತಾಳೆ. ಅವಳ ತಪ್ಪಲ್ಲ, ಅಳುವ ಕೂಸಿಗೆ ಮತ್ತೇನು ಕೊಡಬೇಕೆಂದು ಆ ಮಗುವಿಗೆ ತಿಳಿಯದು. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲಿನ ಹೊರತು ಬೇರೇನೂ, ನೀರು ಕೂಡ, ಬೇಕಾಗಿಲ್ಲ. ತಾಯಿ ಹೊರಗೆ ಹೋಗಲೇಬೇಕಾದರೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಕುದಿಯುವ ನೀರಿನಲ್ಲಿ ತೊಳೆದ ಸ್ಟೀಲಿನ ಬಟ್ಟಲಿಗೆ ತನ್ನ ಹಾಲನ್ನು ಹಿಂಡಿ, ಮುಚ್ಚಿ, ನೆರಳಿನಲ್ಲಿ ತಣ್ಣಗಿನ ಜಾಗದಲ್ಲಿ ಇಡಬಹುದು. ನಮ್ಮ ಸೀಮೆಯ ಸೆಕೆಯಲ್ಲಿ ನಾಲ್ಕು ಗಂಟೆಗಳೊಳಗೆ ಅದನ್ನು ಚಮಚದಿಂದ ಕುಡಿಸಬೇಕು. ಕುಡಿಸುವ ಹೊಣೆ ಅಜ್ಜಿಯಂಥ ಹಿರಿಯರದಾಗಿರಬೇಕೇ ಹೊರತು ಎಂಟು ವರ್ಷದ ಹುಡುಗಿಯದಲ್ಲ. ಹಾಲಿನ ಬಾಟಲಿಯ ಸಹವಾಸವಂತೂ ಬೇಡವೇ ಬೇಡ.

ಶಾಲೆ ತಪ್ಪಿದ ಮಗುವಿಗೆ ತಪ್ಪುವುದು ಅಕ್ಷರವೊಂದೇ ಅಲ್ಲ. ಇದು ಬಹಳ ಜನ ತಂದೆತಾಯಿಗಳ ಗಮನಕ್ಕೆ ಬಂದಿಲ್ಲ. ರಾಯಚೂರು ಸೇರಿದಂತೆ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕೊಡುವ ಕ್ಷೀರಭಾಗ್ಯದ ಹಾಲು, 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿಯೇ ಮೊದಲು ಆರಂಭವಾದ ಮೊಟ್ಟೆ ಅಥವಾ ಬಾಳೆಹಣ್ಣು, ಇವೆಲ್ಲ ದೊರೆಯುವುದು ಶಾಲೆಯಲ್ಲಿ. ರಕ್ತಹೀನತೆಯನ್ನು ತಡೆಯಲು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಗುಳಿಗೆ ಕೊಡುವ ವ್ಯವಸ್ಥೆ ಇರುವುದೂ ಶಾಲೆಯಲ್ಲಿ. ದೊಡ್ಡ ಮಕ್ಕಳಿಗೆ ನೀಲಿ ಬಣ್ಣದ್ದು. ಊಟದ ನಂತರ ಈ ಗುಳಿಗೆ ನುಂಗಬೇಕು, ಕೂಡಲೇ ಚಹಾ ಕುಡಿಯಬಾರದು, ಏಕೆಂದರೆ ಚಹಾ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಜಂತುಹುಳುವಿನ ಗುಳಿಗೆಯೂ ಅಲ್ಲಿಯೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಬಂದು ಕಣ್ಣು, ಕಿವಿ, ಹಲ್ಲು, ಹೃದಯಗಳನ್ನು ಪರೀಕ್ಷಿಸುವುದೂ ಶಾಲೆಯಲ್ಲಿಯೇ. ಶಾಲೆ ಬಿಟ್ಟ ಮಕ್ಕಳನ್ನು ಅಂಗನವಾಡಿಯ ಮೂಲಕ ಮುಟ್ಟುವ ಪ್ರಯತ್ನವಿದೆ, ನಿಜ. ಆದರೆ ಹತ್ತಿಯ ಸಾಲಿನಲ್ಲಿ ಇರುವ ಮಗುವನ್ನು ಹುಡುಕಿ ಗುಳಿಗೆ ಕೊಡುವುದು ಎಷ್ಟು ಕಷ್ಟವೆಂಬುದನ್ನು ನಮ್ಮ ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಹೇಳುತ್ತಾರೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹೆರಿಗೆಗಳ ನಡುವಿನ ಅಂತರಕ್ಕೂ ಹಿರಿಯ ಮಗುವಿನ ಶಾಲೆಗೂ ಇರುವ ಸಂಬಂಧವನ್ನು ಬೆರಳೆಣಿಸಿ ಲೆಕ್ಕ ಹಾಕಬಹುದು. ಮೊದಲ ಮಗಳು ಹುಟ್ಟಿದ ಮೂರು ವರ್ಷಕ್ಕೆ ಎರಡನೆಯ ಮಗು ಹುಟ್ಟಿತೆನ್ನಿ. ಅಕ್ಕ ಆರು ತುಂಬಿ ಒಂದನೆಯ ತರಗತಿಗೆ ಹೊರಡುವ ವರ್ಷ ತಮ್ಮನಿಗೆ ಮೂರು ತುಂಬಿರುತ್ತದೆ. ಅವನು ಅಂಗನವಾಡಿಗೆ ಹೋಗುತ್ತಾನೆ. ಒಂದೇ ಬೆಳಿಗ್ಗೆ ಎರಡು ಮಕ್ಕಳೂ ಮನೆಯಿಂದ ಹೊರಡುತ್ತವೆ, ತಾಯಿಯೂ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು. ಹೀಗಲ್ಲದೆ ಒಂದೂವರೆ, ಎರಡು ವರ್ಷಕ್ಕೊಂದರಂತೆ ನಾಲ್ಕು ಮಕ್ಕಳಾದವೆನ್ನಿ. ಹಿರಿಯವಳಿಗೆ ಆರು ತುಂಬುವಾಗ ಮನೆಯಲ್ಲಿ ಎದೆಹಾಲಿನ ಕೂಸು ಇದ್ದೇ ಇರುತ್ತದೆ, ನಡೆಯಲು ಕಲಿಯುತ್ತಿರುವುದು ಇನ್ನೊಂದು. ಅವಳು ಶಾಲೆಗೆ ಹೋದರೆ ಇವರನ್ನು ನೋಡುವವರಾರು? ತಂದೆತಾಯಿಗಳಿಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದಲ್ಲ. ಲೆಕ್ಕವೇ ಹಾಗೆ ಬಂದು ಕೂಡಿರುತ್ತದೆ.

ತಾಯಿಯ ದೇಹಕ್ಕೂ ಈ ಅಂತರ ಅವಶ್ಯ. ಒಂದು ಹೆರಿಗೆಯಾದ ನಂತರ ಕನಿಷ್ಠ ಎರಡು ವರ್ಷ ಕಳೆಯುವವರೆಗೆ ಮತ್ತೆ ಗರ್ಭ ಧರಿಸದಿರುವುದು ಲೇಸೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಂದರೆ ಮಕ್ಕಳ ನಡುವೆ ಸುಮಾರು ಮೂರು ವರ್ಷ. ಅದಕ್ಕೂ ಮೊದಲೇ ಗರ್ಭ ನಿಂತರೆ, ಹಿಂದಿನ ಬಸಿರು ಬಾಣಂತನಗಳಲ್ಲಿ ಕಳೆದುಕೊಂಡ ರಕ್ತದ ಸತ್ವ ತುಂಬಿಕೊಳ್ಳಲು ಅವಕಾಶವಿರುವುದಿಲ್ಲ. ದಿನ ತುಂಬದ ಹೆರಿಗೆಯ ಮತ್ತು ಕಡಿಮೆ ತೂಕದ ಶಿಶುವಿನ ಭಯ ಹೆಚ್ಚು.

ಅಂತರ ಕಾಯ್ದುಕೊಳ್ಳಲು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುವ ಸಾಧನಗಳು ಹಲವು. ವಂಕಿ ಎಂದು ಜನ ಕರೆಯುವ ಕಾಪರ್-ಟಿಯನ್ನು ಹೆರಿಗೆಯಾದ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲಿಯೇ ಹಾಕಿಸಿಕೊಳ್ಳಬಹುದು. ಅದರಲ್ಲಿ 5 ವರ್ಷದ್ದೂ 10 ವರ್ಷದ್ದೂ ಇದೆ, ಬೇಡವೆನಿಸಿದ ದಿನ ತೆಗೆಸಬಹುದು. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಹಾಲೂಡುವ ತಾಯಿ ಹೆರಿಗೆಯಾದ ಆರು ವಾರಗಳ ನಂತರ ತೆಗೆದುಕೊಳ್ಳಬಹುದು. ಛಾಯಾ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೊಮ್ಮೆ ನುಂಗಬೇಕು. ಎದೆಹಾಲಿಗೆ ಅದರಿಂದ ತೊಂದರೆಯಿಲ್ಲ. ನಿರೋಧ್ ಎಲ್ಲರಿಗೂ ತಿಳಿದದ್ದೇ. ಚುಚ್ಚುಮದ್ದು ತೆಗೆದುಕೊಂಡಾಗ ಮುಟ್ಟಿನಲ್ಲಿ ಏರುಪೇರಾಗುವುದುಂಟು. ಹೆದರಿ ನಿಲ್ಲಿಸುವ ಮೊದಲು ಒಮ್ಮೆ ವೈದ್ಯರನ್ನು ಕಾಣಿರಿ. ಮಕ್ಕಳು ಎಷ್ಟು, ಯಾವಾಗ ಎಂಬುದು ಗಂಡಹೆಂಡಿರಿಬ್ಬರ ತೀರ್ಮಾನ. ನಾವು ತಿಳಿಸಿ ಹೇಳುವವರು ಮಾತ್ರ. ಯಾರ ಬಲವಂತವೂ ಇದರಲ್ಲಿ ಇರಕೂಡದು.

ಇನ್ನು ಮಕ್ಕಳು ಸಾಕೆಂದು ನಿಶ್ಚಯಿಸಿದವರಿಗೆ ಶಸ್ತ್ರಚಿಕಿತ್ಸೆ. ನಮ್ಮಲ್ಲಿ ಇದಕ್ಕೆ ಹೆಣ್ಣೇ ಮುಂದೆ ಬರಬೇಕೆಂಬ ರೂಢಿ ಬೇರೂರಿದೆ. ಹೆತ್ತವಳೂ ಅವಳೇ, ಹಾಲೂಡಿದವಳೂ ಅವಳೇ, ಹೊಟ್ಟೆ ಕೊಯ್ಸಿಕೊಳ್ಳುವವಳೂ ಅವಳೇ! ಗಂಡಸರಿಗಾಗಿ ಇರುವ ಹೊಲಿಗೆಯಿಲ್ಲದ ಚಿಕಿತ್ಸೆ ಇದಕ್ಕಿಂತ ಬಹಳ ಸರಳ. ಕೆಲವು ನಿಮಿಷಗಳ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಎರಡು ದಿನ ವಿಶ್ರಾಂತಿಯ ನಂತರ ಹಗುರವಾದ ಕೆಲಸ, ಒಂದು ವಾರದ ನಂತರ ಸೈಕಲ್ ತುಳಿಯುವುದು, ಗಳೆ ಹೊಡೆಯುವುದು ಎಲ್ಲವೂ ಆಗುತ್ತದೆ. ಗಂಡಸುತನಕ್ಕಾಗಲಿ ತೋಳಿನ ಬಲಕ್ಕಾಗಲಿ ಕುಂದು ಬರುವುದಿಲ್ಲ. ಮೂರು ತಿಂಗಳವರೆಗೆ ಮಾತ್ರ ನಿರೋಧ್ ಬಳಸಬೇಕು, ಅನಂತರ ವೀರ್ಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕಟ್ಟೆಯ ಮೇಲೆ ಕುಳಿತವರ ಹಾಸ್ಯಕ್ಕೆ ಅಂಜಿ ಹೆಂಡತಿಯನ್ನು ಮುಂದೆ ತಳ್ಳುವುದು ನ್ಯಾಯವೇ ಎಂದು ನೀವೇ ಯೋಚಿಸಿ.

ಆದರೆ ಈಗಾಗಲೇ ತೊಟ್ಟಿಲಿನಲ್ಲಿ ಕೂಸಿದ್ದು, ಶಾಲೆ ತೆರೆಯಲು ವಾರವಷ್ಟೇ ಉಳಿದಿರುವ ಮನೆಯವರು ಏನು ಮಾಡಬೇಕು? ಅತ್ತೆ ಅಥವಾ ನೆರೆಯ ಹಿರಿಯಳು ಇದ್ದರೆ ಸರಿ. ಕೆಲವು ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ಸಣ್ಣ ಮಕ್ಕಳಿಗಾಗಿ ಕೂಸಿನ ಮನೆಗಳು ಆರಂಭವಾಗಿವೆ; ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿರಿ. ನಾಲ್ಕಾರು ಮನೆಯ ತಾಯಂದಿರು ಸರದಿಯಂತೆ ಒಬ್ಬರು ಉಳಿದು ಎಲ್ಲರ ಕೂಸುಗಳನ್ನು ನೋಡಿಕೊಳ್ಳುವುದೂ ಸಾಧ್ಯ. ಒಂದು ದಿನದ ಕೂಲಿ ಹೋಗುತ್ತದೆ, ನಿಜ. ಅದು ಸಣ್ಣ ಮಾತಲ್ಲವೆಂದು ಬಲ್ಲೆ. ಆದರೂ ವಾಂತಿಭೇದಿಯಾದ ಕೂಸನ್ನು ರಾಯಚೂರಿಗೆ ಕರೆದೊಯ್ಯುವ ಖರ್ಚಿನ ಮುಂದೆ ಅದು ಕಡಿಮೆಯೇ.

ಗುಳೆ ಹೋಗುವ ಕುಟುಂಬಗಳಿಗೆ ಒಂದು ಮಾತು. ಬೆಂಗಳೂರಿಗೋ ಹೈದರಾಬಾದಿಗೋ ಹೋಗುವಾಗ ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋಗಲು ಸಾಧ್ಯವಾದರೆ ಬಿಡಿರಿ. ಕರೆದೊಯ್ಯಲೇಬೇಕಾದರೆ ಮುಖ್ಯೋಪಾಧ್ಯಾಯರಿಗೆ ತಿಳಿಸಿ ಹೋಗಿರಿ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟ 2009ರ ಕಾಯ್ದೆಯಂತೆ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಜನನ ಪ್ರಮಾಣಪತ್ರ ಇಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಪಾಠ ಹೇಳಬೇಕೆಂದೂ ಅದರಲ್ಲಿದೆ. ಹತ್ತು ವರ್ಷದ ಮಗಳು ನಾಚಿಕೊಳ್ಳುತ್ತಿದ್ದರೆ ಈ ಮಾತನ್ನು ಅವಳಿಗೂ ತಿಳಿಸಿ ಹೇಳಿರಿ.

ಶಾಲೆ ತೆರೆಯುವ ಕಾಲವೇ ಹೊಸ ನೀರಿನ ಕಾಲವೂ ಹೌದು. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವುಗಳಾದದ್ದು, 2023ರ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ವಾಂತಿಭೇದಿ ಹರಡಿದ್ದು ನೆನಪಿರಬೇಕು. ಕಾಯಿಸಿ ಆರಿಸಿದ ನೀರನ್ನು ಮಗುವಿನ ಬಾಟಲಿಗೆ ತುಂಬಿ ಕಳುಹಿಸಿರಿ. ಭೇದಿಯಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಬನ್ನಿ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಗುವನ್ನು ಕಳುಹಿಸಬೇಡಿ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇದ್ದರೆ ಅದಕ್ಕಿಂತ ಒಳ್ಳೆಯ ಉಪಾಹಾರವನ್ನು ನಾನು ಹೇಳಲಾರೆ; ಅಂಗಡಿಯ ಕುರುಕಲಿನ ಪೊಟ್ಟಣ ಅದಕ್ಕೆ ಸಮವಲ್ಲ.

ಒಂದನೆಯ ತರಗತಿಗೆ ಸೇರುವ ಮಗುವಿಗೆ 5ರಿಂದ 6 ವರ್ಷದೊಳಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಡಿಪಿಟಿ ಲಸಿಕೆಯ ಎರಡನೆಯ ವರ್ಧಕ ಚುಚ್ಚುಮದ್ದು ಹಾಕಿಸಬೇಕು. ಒಂದೂವರೆ ವರ್ಷದವರೆಗೆ ತಪ್ಪದೆ ಹಾಕಿಸಿ, ಅನಂತರ ಇದನ್ನು ಮರೆಯುವವರೇ ಹೆಚ್ಚು. 10 ವರ್ಷ ತುಂಬಿದವರಿಗೆ ಟಿ.ಡಿ. ಲಸಿಕೆ ಇದೆ. ಲಸಿಕೆಯ ದಿನ ಸಾಮಾನ್ಯವಾಗಿ ಗುರುವಾರ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು, ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಬನ್ನಿ. ಗಂಡಹೆಂಡಿರಿಬ್ಬರೂ ಕೂಡಿ ಬಂದರೆ ಮಗುವಿನ ಲಸಿಕೆಯ ಜೊತೆಗೆ ವಂಕಿ, ಚುಚ್ಚುಮದ್ದು, ಗುಳಿಗೆಗಳ ವಿಷಯವನ್ನೂ ಅಂದೇ ಕೇಳಿ ತಿಳಿದುಕೊಳ್ಳಬಹುದು.