ಮೆಜೆಸ್ಟಿಕ್‌ನಲ್ಲಿ, ಎರಡು ಟ್ರಿಪ್ಪುಗಳ ನಡುವೆ

ರೈಲು ನಿಲ್ದಾಣದ ಕಡೆಯಿಂದ ಸುರಂಗದಾರಿ ಹಿಡಿದು ಮೇಲೆ ಬಂದರೆ ಕೆಂಪೇಗೌಡ ಬಸ್ ನಿಲ್ದಾಣದ ನಗರ ಸಾರಿಗೆ ಭಾಗ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ತಗ್ಗು ಇದು. ಬೆಳಗಿನ ಹೊತ್ತು ಇಲ್ಲಿ ಎಲ್ಲರ ಕಣ್ಣೂ ಬಸ್ಸಿನ ಬೋರ್ಡಿನ ಮೇಲೆ. ಬೋರ್ಡಿನ ಹಿಂದೆ ಕೂತವರನ್ನು, ಅದರಲ್ಲೂ ಶುಗರ್ ಇಟ್ಟುಕೊಂಡೇ ಡ್ಯೂಟಿ ಮಾಡುವವರನ್ನು ನೋಡಲು ನಾನು ಬಂದಿದ್ದೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಅಂದಾಜು ಮಾಡಿತು. ಅವರೆಲ್ಲ ಮನೆಯಲ್ಲಿ ಕೂತು ಪಥ್ಯ ಮಾಡುತ್ತಿಲ್ಲ.

ಮೊದಲು ಟೀ ಅಂಗಡಿ. ಟ್ರಿಪ್ಪುಗಳ ನಡುವೆ ಸಿಗುವ ಹತ್ತು ನಿಮಿಷ ಕಳೆಯುವುದು ಇಲ್ಲೇ. ಟೀಗೆ ಸಕ್ಕರೆ ಮೊದಲೇ ಬಿದ್ದಿರುತ್ತದೆ. ಶುಗರ್‌ಲೆಸ್ ಬೇಕೆಂದರೆ ಬೇರೆ ಕಾಯಿಸಬೇಕು, ಅಷ್ಟರಲ್ಲಿ ಬಸ್ಸು ಹೊರಡುವ ಹೊತ್ತಾಗುತ್ತದೆ. ‘ಮುದ್ದೆ ತಿನ್ನೋರಿಗೆ ಏನೂ ಆಗಲ್ಲ ಬಿಡಿ’ ಎಂಬ ಮಾತು ಲೋಟದ ಜೊತೆಗೇ ಬಂತು. ಇದು ಪ್ರೀತಿಯ ನಂಬಿಕೆ, ಆದರೆ ಅಪಾಯದ್ದು. ರಾಗಿಯಲ್ಲೂ ಸುಮಾರು ಮೂರನೇ ಎರಡು ಪಾಲು ಪಿಷ್ಟವೇ. ಎಷ್ಟು ದೊಡ್ಡ ಮುದ್ದೆ, ಜೊತೆಗೆ ಎಷ್ಟು ಸೊಪ್ಪು, ಎಷ್ಟು ಕಾಳು ಎಂಬುದೇ ಮುಖ್ಯ.

ಕಂಬಕ್ಕೆ ಒರಗಿ ಕೂತಿದ್ದ ಕಂಡಕ್ಟರ್ ಒಬ್ಬರು ಶೂ ಬಿಚ್ಚಿ ಪಾದ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ನಾಣ್ಯದಗಲ ಮಾಗಿದ ಗಾಯ. ಶೂ ಒಳಗೆ ಸೇರಿದ್ದ ಕಲ್ಲು ಇಡೀ ಪಾಳಿ ಒತ್ತುತ್ತಿದ್ದರೂ ಅವರಿಗೆ ತಿಳಿದಿರಲಿಲ್ಲ. ರಾತ್ರಿ ಸಾಕ್ಸ್ ರಕ್ತವಾಗಿದ್ದನ್ನು ಕಂಡದ್ದು ಹೆಂಡತಿ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ಮಂಕು ಮಾಡುತ್ತದೆ, ನೋವೆಂಬ ಎಚ್ಚರಿಕೆಯೇ ನಿಂತುಹೋಗುತ್ತದೆ. ಈಗ ಅವರು ಹತ್ತುವ ಮುನ್ನ ಶೂ ಕೊಡವುತ್ತಾರೆ, ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ.

ಪಕ್ಕದಲ್ಲಿದ್ದ ಮಹಿಳಾ ಕಂಡಕ್ಟರ್ ನೀರಿನ ಬಾಟಲಿಯ ಮುಚ್ಚಳ ತೆಗೆದು, ಗುಟುಕಷ್ಟೇ ಕುಡಿದು ಮತ್ತೆ ಮುಚ್ಚಿದರು. ಹೋಗಿ ಮುಟ್ಟುವ ಕೊನೇ ಸ್ಟಾಪಿನಲ್ಲಿ ಶೌಚಾಲಯವಿಲ್ಲ. ಸಕ್ಕರೆ ಏರಿದಾಗ ದೇಹ ಅದನ್ನು ಮೂತ್ರದ ಮೂಲಕ ಹೊರಹಾಕುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ಆ ಹೊತ್ತಿನಲ್ಲೇ ನೀರು ಬಿಟ್ಟು, ಮೂತ್ರ ತಡೆದು ಕೂರುವುದು ಸೋಂಕಿಗೆ ದಾರಿ. ಇದನ್ನು ಅವರಿಗೆ ನಾನು ವಿವರಿಸಬೇಕಿರಲಿಲ್ಲ, ಚೆನ್ನಾಗಿ ಗೊತ್ತಿದೆ.

ಹೊರಡಲು ನಿಂತಿದ್ದ ಬಸ್ಸೊಂದರ ಡ್ರೈವರ್ ಸೀಟಿನ ಪಕ್ಕ ನಿಂತೆ. ಎಂಜಿನ್ ಮುಂದಿರುವ ಹಳೆಯ ಗಾಡಿ. ಬಾನೆಟ್ಟಿನ ಮೇಲೆ ಅಂಗೈ ಇಡಲಾಗದಷ್ಟು ಕಾವು. ತೆರೆದ ಇನ್ಸುಲಿನ್ ಸಾಮಾನ್ಯವಾಗಿ ನಾಲ್ಕು ವಾರ ಫ್ರಿಜ್ಜಿನ ಹೊರಗೆ ತಡೆಯುತ್ತದೆ, ಆದರೆ ಇಂಥ ಕಾವಿನಲ್ಲಲ್ಲ. ಈ ಚಾಲಕರು ಪೆನ್ನನ್ನು ಒದ್ದೆ ಬಟ್ಟೆ ಸುತ್ತಿದ ಚಿಕ್ಕ ಡಬ್ಬಿಯಲ್ಲಿಟ್ಟು, ಸೀಟಿನ ಹಿಂದೆ ನೆರಳಲ್ಲಿ ತೂಗುಹಾಕಿದ್ದಾರೆ. ಶರ್ಟಿನ ಜೇಬಿನಲ್ಲಿ ಸಕ್ಕರೆ ಪೊಟ್ಟಣ.

‘ಏರಿದ್ರೆ ಸಂಜೆವರೆಗೂ ತಡ್ಕೋಬೋದು ಸಾರ್. ಲೋ ಆದ್ರೆ ಸಿಗ್ನಲ್ಲೇ ಎರಡೆರಡು ಕಾಣುತ್ತೆ’ ಎಂದರು.

ಚಕ್ರ ಹಿಡಿದವರ ಮಟ್ಟಿಗೆ ಮಧುಮೇಹದ ತಿರುಳು ಇಲ್ಲಿದೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ತಪ್ಪಿಸಿದರೆ ಕುಸಿಯಬಹುದು. ಡೆಸಿಲೀಟರ್ ರಕ್ತಕ್ಕೆ 70 ಮಿಲಿಗ್ರಾಂಗಿಂತ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ತಲೆ ಓಡುವುದಿಲ್ಲ. ಆಗ ಗಾಡಿ ಬದಿಗೆ ಹಾಕಿ 15 ಗ್ರಾಂ ಸಕ್ಕರೆ ಬಾಯಿಗೆ ಹಾಕಿಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಅಲ್ಲಿಗೂ ಮುಗಿಯಲಿಲ್ಲ. ಸಕ್ಕರೆ ಸರಿಹೋದ ಮೇಲೂ 45 ನಿಮಿಷ ವಾಹನ ಮುಟ್ಟಬೇಡಿ ಎನ್ನುತ್ತದೆ ಬ್ರಿಟನ್ನಿನ ಸೂಚನೆ. ಮಿದುಳು ಚೇತರಿಸಿಕೊಳ್ಳಲು ಅಷ್ಟು ಹೊತ್ತು ಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಅಲ್ಲಿ ಬಸ್ಸು ಓಡಿಸಲು ಅವಕಾಶ ಸಿಕ್ಕಿದ್ದು 2011ರಲ್ಲಿ, ಓಡಿಸುವಾಗ ಎರಡು ಗಂಟೆಗೊಮ್ಮೆ ರಕ್ತ ಪರೀಕ್ಷಿಸಿಕೊಳ್ಳಬೇಕೆಂಬ ಕಟ್ಟಳೆಯೊಡನೆ.

ಆ 45 ನಿಮಿಷ ಮೆಜೆಸ್ಟಿಕ್‌ನ ವೇಳಾಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಐದು ಗಂಟೆ ದುಡಿಸಿದರೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯಲ್ಲೇ ಬರೆದಿತ್ತು. ಬೆಂಗಳೂರಿನ ಟ್ರಾಫಿಕ್ಕು ಮೊದಲು ನುಂಗುವುದು ಆ ಅರ್ಧ ಗಂಟೆಯನ್ನೇ. ಬಸ್ಸು ತಡವಾಗಿ ಬಂದಷ್ಟೂ ಬುತ್ತಿ ಬಿಚ್ಚುವುದು ತಡ. ಬೆಳಗ್ಗೆ ನುಂಗಿದ ಮಾತ್ರೆ ಮಾತ್ರ ಕಾಯುವುದಿಲ್ಲ.

ಸೇತುವೆ ದಾಟಿ ದೂರದೂರಿನ ಬಸ್ಸುಗಳ ಕಡೆ ಹೋದಾಗ ಕತ್ತಲಾಗಿತ್ತು. ರಾತ್ರಿಯಿಡೀ ಓಡುವ ಗಾಡಿಗಳು. ಬೀದರ್ ಕಡೆ ಹೊರಟಿದ್ದ ಚಾಲಕರೊಬ್ಬರು ಇನ್ನೊಬ್ಬ ಡ್ರೈವರ್‌ಗೆ ತಮ್ಮ ಬ್ಯಾಗಿನ ಪಕ್ಕದ ಜೇಬಿನಲ್ಲಿದ್ದ ಸಕ್ಕರೆ ತೋರಿಸಿ, ‘ಬೆವರು ಬಂದು ನಾನು ಉತ್ತರ ಕೊಡ್ಲಿಲ್ಲ ಅಂದ್ರೆ ಗಾಡಿ ನೀನ್ ತಗೋ, ಇದನ್ನ ನನ್ ಬಾಯಿಗೆ ಹಾಕು, ನುಂಗೋ ಸ್ಥಿತೀಲಿ ಇಲ್ದಿದ್ರೆ ಹಾಕ್ಬೇಡ, ಆಂಬುಲೆನ್ಸ್ ಕರಿ’ ಎಂದು ಹೇಳಿಕೊಡುತ್ತಿದ್ದರು. ಇಷ್ಟು ಸರಿಯಾಗಿ ಹೇಳಿದ್ದನ್ನು ಬೇರೆಲ್ಲೂ ಕೇಳಿಲ್ಲ. ಡ್ಯೂಟಿ ಹಾಕುವವರಿಗೆ ತಿಳಿಸಿದ್ದೀರಾ ಎಂದೆ. ಇಲ್ಲವಂತೆ. ಹೇಳಿದರೆ ಸ್ಟೇರಿಂಗ್ ಕೈತಪ್ಪೀತು, ಓಟಿ ಹೋದೀತು, ಮಗಳ ಫೀಸು ಕಟ್ಟಬೇಕು.

ನಿಲ್ದಾಣದ ಟ್ರಾಫಿಕ್ ಕಂಟ್ರೋಲರ್ (ಟಿ.ಸಿ.) ಕೋಣೆಯಲ್ಲಿ ಒಂದು ಗ್ಲೂಕೋಮೀಟರ್, ಒಂದು ಡಬ್ಬಿ ಸಕ್ಕರೆ ಇಡಲು ಹೆಚ್ಚು ದುಡ್ಡು ಬೇಡ. ಮೀಟರು ಸಾವಿರ ರೂಪಾಯಿಯೊಳಗೇ ಸಿಗುತ್ತದೆ. ಆದರೆ ‘ನನಗೆ ಲೋ ಆಗಿದೆ’ ಎಂದು ಬಂದವನ ಆ ದಿನದ ಸಂಬಳ ಕತ್ತರಿಸುವುದಿಲ್ಲ, ಚೇತರಿಸಿಕೊಂಡ ಮೇಲೆ ಗಾಡಿ ಕೊಡುತ್ತೇವೆ ಎಂಬ ಲಿಖಿತ ಮಾತು ಅದೇ ಕೋಣೆಯ ಗೋಡೆಯ ಮೇಲಿಲ್ಲದಿದ್ದರೆ, ಆ ಮೀಟರಿಗೆ ಯಾರೂ ಬೆರಳು ಕೊಡುವುದಿಲ್ಲ.