ಮಧುಮೇಹಿಯ ಮನಸ್ಸೂ ಮನೆಯ ಊಟವೂ

ಮಧುಮೇಹದ ಚಿಕಿತ್ಸೆಯ ಬಹುಪಾಲು ರೋಗಿಯ ಕೈಯಲ್ಲೇ ಇರುತ್ತದೆ. ವೈದ್ಯರ ಎದುರು ಅವರು ಕೂರುವುದು ವರ್ಷಕ್ಕೆ ಕೆಲವೇ ಗಂಟೆ, ಉಳಿದೆಲ್ಲ ದಿನಗಳಲ್ಲಿ ಗುಳಿಗೆ, ಸೂಜಿ, ಊಟದ ಅಳತೆ, ನಡಿಗೆ ಎಲ್ಲವನ್ನೂ ಅವರೇ ಸಂಭಾಳಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆಯಿದೆ ಎಂದು ಅಂದಾಜು ಮಾಡಿದೆ. ಇಷ್ಟು ಜನ ರಜೆಯಿಲ್ಲದೆ ಹೊರುವ ಮನಸ್ಸಿನ ಹೊರೆ ಮಾತ್ರ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ.

ವಿಶಾಖಪಟ್ಟಣದ ಉತ್ತರಕ್ಕೆ, ಗೋಸ್ತನಿ ನದಿ ಕಡಲು ಸೇರುವಲ್ಲಿರುವ ಭೀಮುನಿಪಟ್ಟಣದಂಥ ಮೀನುಗಾರರ ಊರಿನಲ್ಲಿ ಈ ಹೊರೆಯ ಸ್ವರೂಪ ಸ್ಪಷ್ಟವಾಗುತ್ತದೆ. ನಸುಕಿನಲ್ಲೇ ದೋಣಿಯೇರುವವರಿಗೆ ಊಟದ ಹೊತ್ತು ಅವರ ಕೈಯಲ್ಲಿರುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ಕಣ್ಣುಕತ್ತಲೆ ಕಾಣಿಸಿಕೊಳ್ಳುತ್ತವೆ, ಮತ್ತು ನಡುನೀರಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು. ಆ ಭಯಕ್ಕೆ ಸೂಜಿಯನ್ನೇ ಬಿಟ್ಟವರನ್ನು ಅಶಿಸ್ತಿನ ರೋಗಿ ಎಂದು ಗದರಿಸುವುದು ಅನ್ಯಾಯ. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕಾದ್ದರಿಂದ, ಫ್ರಿಜ್ ಇಲ್ಲದ ಮನೆಗಳಿಗೆ ಇನ್ನೊಂದು ಚಿಂತೆ; ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ದುಡಿಮೆಯೂ ಹೋಗುತ್ತದೆ.

ದಿನವೂ ಇಂಥ ಲೆಕ್ಕಾಚಾರ ಮಾಡಿ ದಣಿದ ಮನಸ್ಸಿನ ಸ್ಥಿತಿಯನ್ನು ತಜ್ಞರು ಮಧುಮೇಹ ಸಂಕಟ ಎಂದು ಗುರುತಿಸುತ್ತಾರೆ. ಇದು ಖಿನ್ನತೆಯೆಂಬ ಕಾಯಿಲೆಗಿಂತ ಬೇರೆ. ಕಾಯಿಲೆಯನ್ನು ನಿಭಾಯಿಸುವುದರಿಂದಲೇ ಹುಟ್ಟುವ ಬೇಸರ, ತಪ್ಪಿತಸ್ಥ ಭಾವ, ಕಣ್ಣು ಕಿಡ್ನಿ ಹೋದಾವೆಂಬ ಹೆದರಿಕೆ ಇದರಲ್ಲಿ ಸೇರಿವೆ. ಇದನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಪೊಲೊನ್‌ಸ್ಕಿ ಮತ್ತು ಸಂಗಡಿಗರು 1995ರಲ್ಲಿ 20 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಇಂಥ ಪ್ರಶ್ನೆಗಳನ್ನು ನಮ್ಮ ಹೊರರೋಗಿ ವಿಭಾಗಗಳಲ್ಲಿ ಕೇಳದಿರುವುದಕ್ಕೆ ರೋಗಿಗಳ ನೂಕುನುಗ್ಗಲನ್ನು ಕಾರಣವಾಗಿ ಹೇಳಬಹುದಾದರೂ, ಒಪ್ಪುವುದು ಕಷ್ಟ.

ಮನೆಯೊಳಗಿನ ಒತ್ತಡ ಇನ್ನೂ ಸೂಕ್ಷ್ಮವಾದದ್ದು. ಯುಗಾದಿಯ ಹೋಳಿಗೆಯನ್ನು ತೆಲುಗರ ಮನೆಯಲ್ಲೂ ಕನ್ನಡಿಗರ ಮನೆಯಲ್ಲೂ ಒತ್ತಾಯದಿಂದಲೇ ಬಡಿಸುತ್ತಾರೆ; ಒಂದು ತಿಂದರೆ ಏನೂ ಆಗುವುದಿಲ್ಲ ಎಂದವರೇ ಮರುದಿನ ಸಕ್ಕರೆ ಏರಿದಾಗ ಬಾಯಿಚಪಲ ಎಂದು ಆಡಿಕೊಳ್ಳುತ್ತಾರೆ. ಮಧುಮೇಹಿ ಗಂಡನಿಗೆ ಬೇರೆ ಅಡುಗೆ ಮಾಡಿಕೊಡುವ ಗೃಹಿಣಿ, ತನಗೇ ಕಾಯಿಲೆ ಬಂದಾಗ ಎಲ್ಲರಿಗೂ ಬಡಿಸಿ ಉಳಿದ ಅನ್ನವನ್ನು ಹೊತ್ತು ಮೀರಿ ಉಣ್ಣುವುದುಂಟು. ಮನೆಯವರೆಲ್ಲ ಅನ್ನ ತಗ್ಗಿಸಿ ಸೊಪ್ಪು, ಬೇಳೆ, ತರಕಾರಿ ಹೆಚ್ಚಿಸಿದರೆ ಅವಳ ಪಥ್ಯಕ್ಕೆ ಪ್ರತ್ಯೇಕ ಒಲೆ ಹಚ್ಚಬೇಕಾಗಿಲ್ಲ.

ಎಲ್ಲಕ್ಕಿಂತ ಕಠಿಣವಾದ ಸ್ಥಿತಿ ಟೈಪ್ 1 ಮಧುಮೇಹವಿರುವ ಹೆಣ್ಣುಮಕ್ಕಳದು. ಈ ಬಗೆಯಲ್ಲಿ ಮೇದೋಜ್ಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗುವುದರಿಂದ ಹೊರಗಿನ ಇನ್ಸುಲಿನ್ ಇಲ್ಲದೆ ಬದುಕಿಲ್ಲ. ಸಂಬಂಧ ಮುರಿದೀತೆಂದು ಹೆತ್ತವರು ಕಾಯಿಲೆಯನ್ನು ಮುಚ್ಚಿಟ್ಟರೆ, ಅತ್ತೆಮನೆಯಲ್ಲಿ ಸೂಜಿ ತಪ್ಪಿಸುವ ಹುಡುಗಿಯ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಕೆಲವೇ ದಿನಗಳಲ್ಲಿ ಶೇಖರವಾಗಿ ಜೀವಕ್ಕೆ ಕುತ್ತು ತರುತ್ತವೆ. ಸಕ್ಕರೆ ಹತೋಟಿಯಲ್ಲಿದ್ದು ವೈದ್ಯರ ನಿಗಾ ಇದ್ದರೆ ಇಂಥ ಹೆಣ್ಣುಮಕ್ಕಳೂ ಆರೋಗ್ಯವಂತ ಮಕ್ಕಳನ್ನು ಹೆರಬಲ್ಲರು. ಹುಡುಗಿಯ ಒಪ್ಪಿಗೆ ಪಡೆದು, ಈ ಮಾತನ್ನು ಎರಡೂ ಮನೆಯವರಿಗೆ ಮದುವೆಗೆ ಮೊದಲೇ ವೈದ್ಯರು ತಿಳಿಸಿಹೇಳುವ ವ್ಯವಸ್ಥೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗಬೇಕಾಗಿದೆ.